ಖಾಲಿ ಮನೆ

ಫೆರೋ ದ್ವೀಪದ ಬಂದರು ಕಚೇರಿಯಲ್ಲಿ
ಹೀಟರಿನತ್ತ ಕಾಲು ಚಾಚಿಕೊಂಡು
ದೋಣಿಯ ವೇಳಾಪಟ್ಟಿಗೆ ಟೇಬಲ್ ಕಟ್ಟಿದವಳು ನಾನೇ.
ಟಿಆರ್ ಬರೆದರೆ ಸಾಲು. ಟಿಡಿ ಬರೆದರೆ ಮನೆ.
ತೆರೆದದ್ದನ್ನೆಲ್ಲ ಮುಚ್ಚಬೇಕು; ವ್ಯಾಕರಣ ಅಷ್ಟೇ.

ಅಂಚು ಒಂದು ಪಿಕ್ಸೆಲ್, ಮಂಜಿನ ಬೂದು.
ತಲೆಸಾಲಿಗೆ ಕಡಲ ನೀಲಿ.
ರಾನ್ವಾ ಇಣುಕಿ ಕೇಳಿದಳು:
‘ನಮ್ಮ ಕಡಲು ಯಾವತ್ತು ನೀಲಿ?’
ಬದಲಿಸಿದೆ.

ಬುಧವಾರ ದೋಣಿಯಿಲ್ಲ.
ಇಲ್ಲದ್ದನ್ನೇನು ಬರೆಯುವುದು ಅಂತ
ಆ ಮನೆಯನ್ನೇ ಕಟ್ಟಲಿಲ್ಲ.

ಗುರುವಾರದ ದೋಣಿ ಸದ್ದಿಲ್ಲದೆ ಎಡಕ್ಕೆ ಸರಿದು
ಬುಧವಾರದ ಕೆಳಗೆ ಕೂತಿತು,
ಅದರ ಹಿಂದೆ ಉಳಿದವೂ.
ಭಾನುವಾರದ ಕೆಳಗೆ ಬರೀ ಬಯಲು.

ಬುಧವಾರ ಬೆಳಿಗ್ಗೆ ಏಳೂಕಾಲಕ್ಕೆ
ಧಕ್ಕೆಯ ಮೇಲೆ ಮುದುಕ ಹಾನುಸ್.
ಹಗ್ಗದ ತುದಿಯಲ್ಲಿ ಆಚೆ ದ್ವೀಪಕ್ಕೆ ಮಾರಿದ ಟಗರು,
ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ನನ್ನ ಟೇಬಲ್ಲು.
ಮಧ್ಯಾಹ್ನದವರೆಗೂ ನಿಂತಿದ್ದನಂತೆ.

ಬೈಯಲಿಲ್ಲ. ಮೂಲೆ ಹರಿದ ಹಾಳೆ
ಮೇಜಿನ ಮೇಲಿಟ್ಟು,
‘ಶನಿವಾರ ಇದರ ಹೊಟ್ಟೆಯಲ್ಲಿದೆ’ ಅಂದ.
ಟಗರು ನನ್ನನ್ನೇ ನೋಡುತ್ತ ಮೆಲುಕುತ್ತಿತ್ತು.

ಸಂಜೆ ಫೈಲು ತೆರೆದೆ.
ಒಂದು ಟಿಡಿ, ಒಳಗೊಂದು ಅಡ್ಡಗೆರೆ. ಮುಚ್ಚಿದೆ.
ವಾರವೆಲ್ಲ ಒಂದು ಹೆಜ್ಜೆ ಬಲಕ್ಕೆ ಜರುಗಿ
ದೋಣಿ ಬಾರದ ದಿನಕ್ಕೆ
ಜಾಗ ಬಿಟ್ಟಿತು.