ಚೀಟಿ ನಂಬರ್ ೨೧೪

ಕಾಲಿನ್ ಟ್ರೆವೆನಾನ ಬೂದು ಪ್ಯಾಂಟು
ಇನ್ನೂ ಅದೇ ಮೊಳೆಗೆ ತೂಗುತ್ತಿದೆ.
ಕಾಲು ಅರ್ಧ ಇಂಚು ಮೇಲೆ ಮಡಚಿ ಹೊಲಿದದ್ದು,
ಹಣ ಮುಂಗಡ ಕೊಟ್ಟದ್ದು.
ಅವನು ಹೋದದ್ದು ಮಾರ್ಚಿನಲ್ಲಿ,
ಬಲ್ಲಾರಟ್ಟಿನ ಬೆಗೋನಿಯಾ ಹಬ್ಬದ ವಾರ.

ಹಿರಿಮಗಳು ಬಂದಳು, ಕೈ ಚಾಚಿದಳು, ತಡೆದಳು,
'ತಂಗಿಯ ವಕೀಲ ಏನನ್ನುತ್ತಾನೋ.'
ಕಿರಿಮಗಳು ಫೋನಿನಲ್ಲಿ
'ಅಕ್ಕ ಒಯ್ದಳೇ?' ಎಂದಷ್ಟೇ ಕೇಳಿದಳು.
ಒಂದು ಪ್ಯಾಂಟು, ಸ್ವಾಮಿ!
ಉಯಿಲಿಲ್ಲದ ಮನೆಯಲ್ಲಿ ಹುಯಿಲೆದ್ದರೆ
ಮೊಳೆಗೆ ನೇತುಬಿದ್ದದ್ದಕ್ಕೂ ವಾರಸುದಾರರಿಲ್ಲ.

ಆ ಸಂಜೆ ಅಂಗಡಿಯ ಬಾಗಿಲೆಳೆದು
ಗುಂಡಿಗಳ ಡಬ್ಬದ ತಳದಿಂದ ತೆಗೆದೆ
ನನ್ನದೇ ಉಯಿಲು, ಹತ್ತೊಂಬತ್ತು ವರ್ಷದ ಹಿಂದಿನದು.
ಓದಿದೆ. ಯಾರೀ ಹೆಂಗಸು?
ಚಂದ್ರಮತಿ ಎಂಬ ಹೆಸರೇನೋ ನನ್ನದೇ;
ಅವಳಿಗೊಬ್ಬ ಗಂಡ, ಒಂದು ಕೆಂಪು ಕಾರು,
ಎಲ್ಲ ನೋಡಿಕೊಳ್ಳಲು ಪಕ್ಕದ ನಾರ್ಮಾ.
ಗಂಡ ಈಗ ಜಿಲಾಂಗಿನಲ್ಲಿ, ಬೇರೊಬ್ಬಳ ಗಂಡ.
ಕಾರು ಎಂದೋ ಗುಜರಿ.
ಭಾನುವಾರ ಕೇಕು ಒಯ್ದರೆ ನಾರ್ಮಾ
'ನೀನು ಯಾರ ಮಗಳಮ್ಮ?' ಎನ್ನುತ್ತಾಳೆ.

ಲಕ್ಕುಂಡಿಯ ಗುಡಿಯ ಹಿಂದೆ ಒರಗಿಸಿಟ್ಟ ಕಲ್ಲುಗಳಲ್ಲಿ
ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು.
ಈ ದಾನ ಆಚಂದ್ರಾರ್ಕ, ಇದನ್ನಳಿದವರು
ವಾರಣಾಸಿಯಲ್ಲಿ ಕವಿಲೆಯ ಕೊಂದ ಪಾಪಕ್ಕೆ ಹೋಗುವರು
ಎಂದು ಮೇಷ್ಟ್ರು ಬೆರಳಿಟ್ಟು ಓದಿಸುತ್ತಿದ್ದರು.
ಇದೂ ಹಾಗೇ ಎಂದುಕೊಂಡಿದ್ದೆ.
ಮರಣಶಾಸನ ಎಂದಲ್ಲವೇ ಹೆಸರು!

ಲಿಡಿಯಾರ್ಡ್ ಬೀದಿಯ ವಕೀಲೆ
ನನ್ನ ಮಗಳ ವಯಸ್ಸಿನವಳು, ಮಗಳಿದ್ದಿದ್ದರೆ.
ಮದುವೆ, ಬಿಡುಗಡೆ, ಹುಟ್ಟು, ಸಾವು,
ಕೊಂಡದ್ದು, ಮಾರಿದ್ದು,
ಏನಾದರೂ ಆದಾಗ ಬಿಚ್ಚಿ ನೋಡಿ,
ಏನೂ ಆಗದಿದ್ದರೂ ಮೂರು ವರ್ಷಕ್ಕೊಮ್ಮೆ ನೋಡಿ, ಎಂದಳು.
ಅಂದರೆ ಆಲ್ಟರೇಷನ್ನು, ಎಂದೆ. ನಕ್ಕಳು.

ಅಂಗಡಿ ಇದೆ, ಸಾಲ ಇನ್ನೂ ನಾಲ್ಕು ವರ್ಷ.
ಯಂತ್ರ ಮೂರು, ಒಂದರ ಪೆಡಲು ಸರಿಯಿಲ್ಲ.
'ಸೂಪರ್?' ಎಂದಳು.
ಆ ನಿವೃತ್ತಿಯ ದುಡ್ಡು ಉಯಿಲಿನ ಮಾತು ಕೇಳುವುದಿಲ್ಲವಂತೆ,
ಅದಕ್ಕೆ ಬೇರೆಯೇ ಚೀಟಿ,
ನನ್ನದು ಮೂರೇ ವರ್ಷ ಬದುಕುವ ಜಾತಿಯದು,
ಸತ್ತು ಹದಿನಾರು ವರ್ಷ.

'ಉಸಿರಿದ್ದೂ ಮಾತು ನಿಂತರೆ
ನಿಮ್ಮ ಪರವಾಗಿ ಯಾರು ಮಾತಾಡಬೇಕು?'
ಬಾಯಿಗೆ ಬಂದ ಹೆಸರು ಅಫಿ,
ಜಿಪ್ಪು ಹೊಲಿಯಲು ಬರುವ ಟೋಗೋ ಹುಡುಗಿ.
ನನಗೇ ಆಶ್ಚರ್ಯ.
'ಅವಳನ್ನು ಕೇಳಿದ್ದೀರಾ?'
ಕೇಳಿರಲಿಲ್ಲ.

ಹಾಳೆ ತಿರುವುತ್ತ ಬೆರಳು ನಿಲ್ಲಿಸಿದಳು.
ಎಡ ಮೂಲೆಯಲ್ಲಿ ಎರಡು ತೂತು, ಸುತ್ತ ತುಕ್ಕು.
'ಇಲ್ಲೇನೋ ಚುಚ್ಚಿತ್ತು. ಏನದು?
ನೀವಿಲ್ಲದಾಗ ಕೋರ್ಟು ಇದನ್ನೇ ಕೇಳುತ್ತದೆ.'
ಗುಂಡುಸೂಜಿ. ದರ್ಜಿಯ ಕೈ, ಸುಮ್ಮನಿರದು.
ಚೀಟಿಯೊಂದಿತ್ತು, ಹಸಿರು ಶಾಯಿ, ನೆನಪಿದೆ.
ಯಾರಿಗೋ ಏನನ್ನೋ ಕೊಡಬೇಕೆಂದಿದ್ದೆ.
ಯಾರಿಗೆ?
ಅವರೇನೂ ಕಾಯುತ್ತಿಲ್ಲ,
ಅವರಿಗೆ ಗೊತ್ತೇ ಇಲ್ಲವಲ್ಲ.

ಅಫಿ ಒಂದು ದಿನ ಯೋಚಿಸಿ ಹ್ಞೂಂ ಎಂದಳು.
ಹೊಸದಕ್ಕೆ ಗುರುವಾರ ಸಹಿ.
ಸಾಕ್ಷಿಗೆ ಬೇಕರಿಯ ಲೂರ್ಡ್ಸ್ ಬೇಡವೆಂದಳು ವಕೀಲೆ,
ಗುಂಡಿಗಳ ಡಬ್ಬ ಅವಳ ಹೆಸರಿಗಿದೆ.
ಮೀನಂಗಡಿಯವನು, ಅವನ ಅಳಿಯ,
ಇಬ್ಬರೂ ಒಟ್ಟಿಗೇ ನಿಂತು ನೋಡಿದರು
ನಾನು ಕನ್ನಡದಲ್ಲಿ ಸಹಿ ಮಾಡಿದ್ದನ್ನು.
ಕೋಣೆಯಲ್ಲಿ ಸಣ್ಣಗೆ ಮೀನಿನ ವಾಸನೆ.

ಯಂತ್ರಕ್ಕೆ ಎಣ್ಣೆ ಬಿಡುವ ದಿನಗಳ ಪಕ್ಕ
ಕ್ಯಾಲೆಂಡರಿನಲ್ಲಿ ಬರೆದುಕೊಂಡಿದ್ದೇನೆ: ಉಯಿಲು ಬಿಚ್ಚು.
ಕೊನೆಗೊಂದು ಸಾಲು ನಾನೇ ಹೇಳಿ ಸೇರಿಸಿದ್ದು:
ಮೊಳೆಗಳಲ್ಲಿ ತೂಗುವುದು ಯಾವುದೂ ನನ್ನದಲ್ಲ,
ಚೀಟಿ ತಂದವರಿಗೆ ಕೊಡುವುದು.

ಟ್ರೆವೆನಾನ ಚೀಟಿ
ಅವನು ಕೊನೆಗೆ ತೊಟ್ಟ ಕೋಟಿನ ಜೇಬಿನಲ್ಲೇ
ಹೋಯಿತೋ ಏನೋ.