ಸಾಕಿನ್ ನಾಮಾಲೂಮ್

ಹೆಳವರ ಸಾಯಿಬಣ್ಣ ಎತ್ತಿನ ಮ್ಯಾಲ ಬರೋದು ಬಿಟ್ಟು
ಹನ್ನೆರಡು ವರ್ಷಾತು. ಈಗ ಲೂನಾದ ಮ್ಯಾಲ ಬರ್ತಾನ.
ಎತ್ತಿನ ಗಂಟಿ ಮಾತ್ರ ಹ್ಯಾಂಡಲಿಗೆ ಕಟ್ಯಾನ.
ಕಟ್ಟಿ ಮ್ಯಾಲ ಕಂಬಳಿ ಹಾಸಿ, ನಮ್ಮ ಮನೆತನದ ಹಾಳಿ ಹುಡುಕಿ,
ಕಣ್ಣು ಮುಚ್ಚಿ ಸುರು ಮಾಡ್ತಾನ:

ನಾಕೇದಾರ ಭೀಮಶ್ಯಾ, ದೊರಿ ಕೊಟ್ಟ ಕತ್ತಿ ಹಿಡಿದು
ಕುದುರಿ ಮ್ಯಾಲ ಹೊಳಿ ದಾಟಿ ಬಂದ,
ಎರಡು ರಾಜ್ಯದ ನಡುವ ಕದಧಂಗ ನಿಂತ.

ಆ ಮಾತಿಗೆ ಸಿದ್ರಾಮ ಕಾಕಾ ಒಂದು ಚೀಲ ಜ್ವಾಳ ಕೊಟ್ಟ,
ಒಂದು ಧೋತರ ಕೊಟ್ಟ, ಅಷ್ಟಕ್ಕೂ ನಿಲ್ಲದೆ
ಶಹಾಬಾದ ಕಲ್ಲಿನ ಮ್ಯಾಲ ಕೆತ್ತಿಸಿದ:
ನಾಕೇದಾರ ಮಹಲ್.
ಬಾಜೂಕ ಒಂದು ಕತ್ತಿ.
ನೋಡಿದೋರು ಸೌತಿಕಾಯಿ ಅಂತಾರ.

ನನ್ನ ನೌಕರಿ ಕಲಬುರ್ಗಿ ದಫ್ತರದಾಗ.
ಹಳೇ ರುಮಾಲು ಬಿಚ್ಚಿದರ
ಮೊದಲು ಸೀನು, ಆಮ್ಯಾಲ ಇತಿಹಾಸ.
ಫಸಲಿ ಸನ ಹನ್ನೆರಡುನೂರಾ ತೊಂಬತ್ತೆಂಟು.
ನನಗ ಆ ಅಕ್ಷರ ಬರಂಗಿಲ್ಲ,
ಬಲದಿಂದ ಎಡಕ್ಕ ಇರಿವಿ ಸಾಲು ಹೊಂಟಂಗ ಅಷ್ಟೇ.
ಬಾಸಿತ ಸಾಬರು ಓದ್ತಾರ.
ಒಂದು ಪುಟಕ್ಕ ಇಪ್ಪತ್ತು ರೂಪಾಯಿ, ಪಾನ ಬ್ಯಾರೆ.

ಕರೋಡಗಿರಿ ನಾಕಾ, ಭೀಮಾ ಘಾಟ್.
ಸಾಬರ ಬೆರಳು ನಿಂತಿತು.
“ನಿಮ್ಮ ಹೆಸರು ಇಲ್ಲೇ ಅದ, ಬೇಟಿ. ಆದ್ರ
ಬರೆಯೋ ಕಡಿಗಿಲ್ಲ, ಬರಿಸಿಕೊಳ್ಳೋ ಕಡಿಗೆ ಅದ.”

ಭೀಮಶ್ಯಾ ವಲದ ತಿಪ್ಪಣ್ಣ, ಕಬ್ಬಲಿಗ,
ಹರಗೋಲಿನವ.
ಉಪ್ಪು ಎರಡು ಮಣ, ಮಹಸೂಲು ಕಟ್ಟಿಲ್ಲ.
ಹನ್ನೊಂದನೇ ಸಲ.
ಹರಗೋಲು ಜಪ್ತಿ.
ಸಾಕಿನ್: ನಾಮಾಲೂಮ್.

ಹಂಗಂದರ?
“ಯಾವ ಊರಿನವನಂತ ಗೊತ್ತಿಲ್ಲ.”

ಅಂಚಿನಾಗ ಬ್ಯಾರೆ ಶಾಯಿ, ಬ್ಯಾರೆ ಕೈ,
ಯಾವನೋ ಬ್ಯಾಸತ್ತ ಕಾರಕೂನ ಬರೆದಿದ್ದ:
ಉರ್ಫ್ ನಾಕೇದಾರ.
ಸಾಬರು ನಕ್ಕರು, ಪಾನದ ಹನಿ ನನ್ನ ದಾಖಲಿಗೆ ಸಿಡೀತು.
“ನಾಕಾದಾಗ ಸಾಹೇಬಗಿಂತ
ಇವನೇ ಜಾಸ್ತಿ ಕೂತಿರತಿದ್ದ, ಅದಕ್ಕ.”

ವಿಜಾಪುರದ ಕಡಿ ಮೋಡಿ ಕಾಗದ ತರಿಸಿದೆ, ಮೂರು ತಿಂಗಳು ಹಿಡೀತು.
ಅದೇ ವರ್ಷ, ಅದೇ ಮನಷ್ಯಾ:
ಮೊಗಲಾಯಿಗೆ ಓಡಿ ಹೋದವ.
ಇಲ್ಲಿಯವರು ಅಲ್ಲಿಯವನಂದರು,
ಅಲ್ಲಿಯವರು ಇಲ್ಲಿಯವನಂದರು.
ನಡುವ ಹೊಳಿ ಇತ್ತು.
ನೀರಿಗೆ ಪಹಣಿ ಇಲ್ಲ.

ತಿಪ್ಪಣ್ಣನ ಹಿಂದ ಯಾರಂತ ಇನ್ನೊಂದು ರುಮಾಲು ಬಿಚ್ಚಿದಿವಿ.
ತಿಪ್ಪಣ್ಣನ ಹಿಂದ ಗೆದ್ದಲ.
ಗೆದ್ದಲ ಬಿಟ್ಟ ದಾರಿ ಬೆಳಕಿಗೆ ಹಿಡಿದು ನೋಡಿದೆ,
ನಕಾಶದಾಗಿನ ಹಳ್ಳದಂಗ
ಎಲ್ಲಿಂದಲೋ ಬಂದು ಎಲ್ಲಿಗೋ ಹೊಂಟಿತ್ತು.
ಹರಗೋಲಿಗೆ ಮುಂದು ಅಂತಿಲ್ಲ, ಹಿಂದು ಅಂತಿಲ್ಲ,
ಹುಟ್ಟು ಹಾಕೋನು ಯಾವ ಕಡಿ ಮಾರಿ ಮಾಡ್ತಾನೋ ಅದೇ ಮುಂದು.
ನಮ್ಮಜ್ಜಿ ಇದನ್ನ ಬ್ಯಾರೆ ಯಾವುದಕ್ಕೋ ಹೇಳತಿದ್ದಳು.
ಯಾವುದಕ್ಕ ಅನ್ನೋದು ಮರತೀನಿ.

ಕಾಕಾಗ ಕಾಗದ ತೋರಿಸಿದೆ.
ಚಷ್ಮಾ ವರಸಿದ. ಮತ್ತ ವರಸಿದ.
ಬೈತಾನ ಅಂದುಕೊಂಡೆ.
“ಉಪ್ಪು ಎಷ್ಟಂದಿ?”
ಎರಡು ಮಣ.
“ಒಬ್ಬವನ?”
ಒಬ್ಬವನ.
“ಮಳಿಗಾಲದಾಗ?”
ಶ್ರಾವಣ ಮಾಸ ಅಂತ ಅದ, ಕಾಕಾ.
ತುಂಬಿದ ಹೊಳಿ ಮನಸಿನಾಗ ತಂದುಕೊಂಡು ಅವ
ಭಾಳ ಹೊತ್ತು ಸುಮ್ಮನ ಕೂತ.
ಕಲ್ಲು ಇನ್ನೂ ಹಂಗೇ ಅದ. ಕತ್ತಿನೂ ಅದ.

ಹೋದ ಐತವಾರ ಒಬ್ಬಾಕಿನೇ ಬಸ್ ಹತ್ತಿ ಹೊಳಿ ದಾಟಿದೆ.
ಆಚಿ ದಂಡಿಯ ಕಿರಾಣಿ ಅಂಗಡಿಯಾಗ
ಒಂದು ಕಿಲೋ ಉಪ್ಪು ತೊಗೊಂಡೆ.
ವಾಪಸ್ ಬರುವಾಗ ಚೀಲ ತೊಡಿ ಮ್ಯಾಲ ಇಟ್ಟುಕೊಂಡು,
ಕಾಣೋ ಹಂಗನ ಇಟ್ಟುಕೊಂಡು ಕೂತೆ.
ನಾಕಾ ಇದ್ದ ಜಾಗದಾಗ ಈಗ ಪಂಕ್ಚರ್ ಅಂಗಡಿ.
ಅಲ್ಲಿ ಒಬ್ಬ ಹುಡುಗ ಟೈರಿನ ಟ್ಯೂಬು ನೀರಾಗ ಮುಳುಗಿಸಿ
ಗುಳ್ಳಿ ಎಲ್ಲಿ ಏಳ್ತಾವಂತ ನೋಡಲಿಕತ್ತಿದ್ದ.

ಯಾರೂ ತಡೀಲಿಲ್ಲ.
ಖರೇ ಹೇಳಬೇಕಂದ್ರ, ಸ್ವಲ್ಪ ಬ್ಯಾಸರಾತು.