ಆರನೆಯ ಸಾಲು

ಪದ್ಯ ಎಂಟೇ ಸಾಲು.
ಎಲ್ಲೋ ದೂರದ ಬೆಟ್ಟದ ಮೇಲೆ ಹಿಮ ಕರಗುತ್ತದೆ,
ಹೆಸರು ಗೊತ್ತಿಲ್ಲದ ಹೂವೊಂದು ಬೆಳಿಗ್ಗೆ ಅರಳಿ
ಸಂಜೆಗೆ ತನ್ನ ಬಣ್ಣ ತಾನೇ ಮರೆಯುತ್ತದೆ.
ಶಹಾಬಾದಿನ ಈ ಒಂಬತ್ತನೆಯ ತರಗತಿಯಲ್ಲಿ
ಹಿಮ ಕಂಡವರು ಯಾರೂ ಇಲ್ಲ, ನಾನೂ ಸೇರಿ.

ಫೆಬ್ರವರಿ ಮುಗಿಯುತ್ತ ಬಂದಿದೆ. ಫ್ಯಾನು ತಿರುಗುತ್ತದೆ,
ಗಾಳಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತದೆ.
ಹದಿನೆಂಟು ವರ್ಷ ಬರೆಸಿದ್ದನ್ನೇ ಬೋರ್ಡಿನ ಮೇಲೆ ಬರೆದೆ:
'ಪ್ರಕೃತಿಯ ಚೆಲುವು ಕ್ಷಣಿಕ ಎಂಬುದು ಕವಿಯ ಆಶಯ.'
ನಾಲ್ಕು ಅಂಕಕ್ಕೆ ಇಷ್ಟು ಸಾಕು.
ಕೆಳಗೆ ಗೆರೆ ಎಳೆದರೆ ಇನ್ನೂ ಒಳ್ಳೆಯದು.

ಎಲ್ಲರ ಪೆನ್ನೂ ನಡೆದವು. ಒಂದು ನಿಂತಿತು.
ಕಿಟಕಿ ಪಕ್ಕದ ಜಗದೇವಿ, ತೊನಸನಹಳ್ಳಿಯಿಂದ
ಟಂಟಂನಲ್ಲಿ ತೂಗುತ್ತ ಬರುವವಳು, ಎದ್ದಳು.
"ಕ್ಷಣಿಕ ಅಂತ ಕವಿ ಎಲ್ಲಿ ಅಂದಾರ್ರೀ, ಟೀಚರ್?
ಆರನೇ ಸಾಲಿನಾಗ 'ಮತ್ತೆ' ಅಂತ ಅದ."

ನೋಡಿದೆ.
ಇತ್ತು.
ಎರಡೇ ಅಕ್ಷರ, ಹೂವಿಗೂ ಹಾದಿಗೂ ನಡುವೆ,
ಸಂತೆಯ ಗದ್ದಲದಲ್ಲಿ ಅವ್ವನ ಸೆರಗು ಹಿಡಿದ ಕೂಸಿನ ಹಾಗೆ.
ಹದಿನೆಂಟು ವರ್ಷ ಅದನ್ನು ದಾಟಿಯೇ ಹೋಗಿದ್ದೇನೆ.
ಗೈಡಿನವನೂ ದಾಟಿದ್ದಾನೆ, ಪ್ರಶ್ನೆಪತ್ರಿಕೆಯೂ.

"ಹೇಳು" ಅಂದೆ. ಹೇಳಿದಳು:
ಜೋಳ ಹಾಲು ತುಂಬುವುದಕ್ಕೂ ಗಟ್ಟಿಯಾಗುವುದಕ್ಕೂ ನಡುವೆ
ಹತ್ತು ದಿನ ಸೀತನಿ.
ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ,
ಊದಿ, ಬೆಲ್ಲದ ಜೊತೆ ಬಾಯಿಗೆ.
ಹನ್ನೊಂದನೆಯ ದಿನ ಅದೇ ತೆನೆ ಹಲ್ಲಿಗೆ ಕಲ್ಲು.
"ನಮ್ಮ ಆಯಿ ಅಳಲ್ಲರೀ. ಹೋಯ್ತು ಅನ್ನಲ್ಲ.
ಇನ್ನ ರೊಟ್ಟಿ ಆಗತದ ಅಂತಾಳ."

ತರಗತಿ ನಕ್ಕಿತು. ಅವಳೂ ನಕ್ಕಳು.
ನಾನು ಬೋರ್ಡು ಒರೆಸಲು ಡಸ್ಟರ್ ಎತ್ತಿದೆ.

ಆಗ ಹಿಂದಿನ ಬೆಂಚಿನ ಗೌಸುದ್ದೀನ,
ಫರ್ಸಿ ಪಾಲಿಶ್ ಮಾಡುವ ಮಷಿನ್ನಿನ ಸದ್ದಿನಲ್ಲಿ ಬೆಳೆದು
ಯಾವಾಗಲೂ ಒಂದು ಪಟ್ಟು ಜೋರಾಗಿಯೇ ಮಾತಾಡುವವನು:
"ಅಳಸಬ್ಯಾಡ್ರೀ ಟೀಚರ್.
ಮಳಿ ತಿರುಗಿ ಬರತದ, ಖರೆ.
ಹ್ವಾದ ಮಳಿಗಾಲದ ಅಂಗಿ ಹಾಕ್ಕೊಂಡು
ನೋಡಲಿಕ್ಕ ಹೋದ್ರ ಗುಂಡಿ ಹತ್ತಲ್ಲ."

ಯಾರೂ ನಗಲಿಲ್ಲ.
ಅವನ ಮಣಿಕಟ್ಟು ತೋಳಿನಿಂದ ನಾಲ್ಕು ಬೆರಳು ಹೊರಗಿತ್ತು.

ಡಸ್ಟರ್ ಕೈಯಲ್ಲೇ ಉಳಿಯಿತು, ಗಂಟೆ ಹೊಡೆಯುವವರೆಗೆ.
ಮುಂದಿನ ತಿಂಗಳು ಉತ್ತರಸೂಚಿ ಬರುತ್ತದೆ.
ಅದರಲ್ಲಿ ಸೀತನಿ ಇರುವುದಿಲ್ಲ, ಅಂಗಿಯ ಗುಂಡಿಯೂ.

ಸಂಜೆ ಬೀಗ ಹಾಕುವ ಮೊದಲು
ಬಾಟಲಿಯ ತಳದಲ್ಲಿ ಉಳಿದ ನೀರನ್ನು
ವರಾಂಡದ ಫರ್ಸಿಗೆ ಚೆಲ್ಲಿದೆ. ಯಾಕೆಂದು ಕೇಳಬೇಡಿ.
ದಿನವಿಡೀ ಬೂದಿಯಾಗಿ ಬಿದ್ದಿದ್ದ ಕಲ್ಲಿನ
ಒಳಗಿಂದ ನೀಲಿ ಎದ್ದು ಬಂತು.
ನವಿಲಿನ ಕತ್ತಿನದಲ್ಲ, ಅದಕ್ಕಿಂತ ಬಡ ನೀಲಿ,
ತೊಳೆದು ತೊಳೆದು ಮೆತ್ತಗಾದ ಸೀರೆಯದು.
ನಡುವೆ ಒಂದು ಬಿಳಿ ನರ, ಬೇಸಿಗೆಯ ಕಾಗಿಣಾದಷ್ಟು ಸಣ್ಣ.
ಎಣಿಸಿದೆ. ಬಿಸಿಲು ಅಂಚಿನಿಂದ ಒಳಕ್ಕೆ ಮೇಯುತ್ತ ಬಂತು.
ಎಪ್ಪತ್ತಕ್ಕೆ ಅಂಗೈಯಷ್ಟು. ನೂರಕ್ಕೆ ರೂಪಾಯಿಯಷ್ಟು.
ನೂರ ಹನ್ನೆರಡಕ್ಕೆ ಎಲ್ಲ ಬೂದಿ.

ಬೆಳಿಗ್ಗೆ ಕಾಶಮ್ಮ ಈ ನೆಲ ಒರೆಸುತ್ತಾಳೆ, ದಿನಾ.
ಅವಳ ಅರಿವೆಯ ಹಿಂದೆ ಹಿಂದೆಯೇ ಈ ನೀಲಿ
ಏಳುತ್ತದೆ, ಮುಚ್ಚುತ್ತದೆ. ಅವಳು ನೋಡಿದ್ದಾಳೋ ಏನೋ,
ನಾನು ಎಂದೂ ಕೇಳಿಲ್ಲ.
ಒದ್ದೆ ನೆಲದ ಮೇಲೆ ಚಪ್ಪಲಿಯಲ್ಲಿ ಬಂದೆನೆಂದು
ಬೈಸಿಕೊಂಡಿದ್ದೇನೆ, ಅಷ್ಟೇ.